ದೊಡ್ಡವರು ಮೂರು ಗಂಟೆಗೆ ಬರುತ್ತಾರೆ

ಅರ್ಧಿಂಚು ಮಾಸ್ಟ್ರಿಗೆ ಆ ಹೆಸರಿಟ್ಟವರು ಅವರ ಗಿರಾಕಿಗಳು. ಯಾರು ಯಾವ ಬಟ್ಟೆ ತಂದುಕೊಟ್ಟರೂ ಮಾಸ್ಟ್ರು ಟೇಪು ಹಿಡಿದು ಅಳೆದು, ಅಳತೆ ಪುಸ್ತಕದಲ್ಲಿ ಬರೆದುಕೊಂಡು, ಕೊನೆಗೆ "ಯಾವುದಕ್ಕೂ ಇರಲಿ, ಅರ್ಧ ಇಂಚು ಬಿಟ್ಟಿರ್ತೀನಿ" ಎನ್ನುತ್ತಿದ್ದರು. ಮನುಷ್ಯ ದಪ್ಪಗಾಗಬಹುದು, ಬಟ್ಟೆ ಒಗೆದ ಮೇಲೆ ಕುಗ್ಗಬಹುದು, ಲೋಕದಲ್ಲಿ ಏನು ಬೇಕಾದರೂ ಆಗಬಹುದು. ಅಷ್ಟಕ್ಕೂ ಸೇರಿ ಅರ್ಧ ಇಂಚು. ಹೀಗಾಗಿ ಅವರ ಕೈಯಲ್ಲಿ ಹೊಲಿಸಿದ ಅಂಗಿ ತೊಟ್ಟವರೆಲ್ಲ ಅಣ್ಣನ ಅಂಗಿ ತೊಟ್ಟ ತಮ್ಮಂದಿರಂತೆ ಕಾಣುತ್ತಿದ್ದರು. ಹತ್ತು ಗಂಟೆಯ ಬಸ್ಸಿಗೆ ಎಂಟೂವರೆಗೇ ಹೋಗಿ ನಿಂತು, ಎಂಟೂಮುಕ್ಕಾಲಿಗೆ ಬಂದದ್ದನ್ನು "ಹತ್ತರದ್ದೇ ಬೇಗ ಬಂದಿರಬಹುದು" ಎಂಬ ಭಯದಿಂದ ಹತ್ತಿ, ಬೇರೆ ಊರು ಸೇರಿ, ಸಂಜೆಗೆ ವಾಪಸು ಬಂದದ್ದೂ ಉಂಟು.

ಇಂಥ ಮನುಷ್ಯನಿಗೆ ನಿಜವಾದ ಚಿಂತೆಯೊಂದು ಬಂದದ್ದು ತಾಯಿಯ ಚೀಲದಿಂದ.

ಒಂಬತ್ತು ವರ್ಷದ ಹಿಂದೆ ಎಲ್ಲರೂ ಕೂಡಿದ್ದ ಮನೆ ಬಿಡಬೇಕಾಗಿ ಬಂತು. ಮಾಸ್ಟ್ರು ಒಂದು ಗೂಡು ಹಿಡಿದರು, ತಮ್ಮ ಇನ್ನೊಂದು ಗೂಡು ಹಿಡಿದ. ತಾಯಿಯನ್ನು ಆರು ತಿಂಗಳು ಇಲ್ಲಿ, ಆರು ತಿಂಗಳು ಅಲ್ಲಿ ಎಂದು ಹಂಚಿಕೊಂಡರು. ಓಡಾಡಲು ಅನುಕೂಲವಾಗಲೆಂದು ಮಾಸ್ಟ್ರೇ ದಪ್ಪ ಚೌಕಳಿ ಬಟ್ಟೆಯಲ್ಲಿ ಒಂದು ಚೀಲ ಹೊಲಿದುಕೊಟ್ಟರು. ಆ ಚೀಲ ಪೂರ್ತಿ ಖಾಲಿಯಾದದ್ದನ್ನು ಅಂದಿನಿಂದ ಯಾರೂ ನೋಡಿಲ್ಲ. ಬೇಕಾದ ಬಟ್ಟೆ ಎಳೆದುಕೊಳ್ಳುವುದು, ಒಗೆದದ್ದನ್ನು ಮತ್ತೆ ತುರುಕುವುದು, ಅಷ್ಟೇ. ತಾಯಿಯ ಮಂಚಕ್ಕಂತೂ ಎರಡು ಮನೆಯಲ್ಲೂ ಜಾಗವಿರಲಿಲ್ಲ. ಅಗಲ ನಾಲ್ಕಡಿ, ಮೂಲೆಗಂಬಗಳ ಎತ್ತರವೂ ನಾಲ್ಕಡಿ, ಬಿಚ್ಚಿ ಜೋಡಿಸಲು ಬರುವುದಿಲ್ಲ. ಅದು ಮಾಸ್ಟ್ರ ಅಂಗಡಿಯಲ್ಲಿ ಹಲಗೆ ಹೊದ್ದುಕೊಂಡು, ಬಟ್ಟೆ ಕತ್ತರಿಸುವ ಮೇಜಾಗಿ ದುಡಿಯುತ್ತಿತ್ತು.

ಈ ಸಲ ಸರದಿ ಬದಲಾಗಲು ಒಂದು ತಿಂಗಳಿರುವಾಗ ತಾಯಿ ಇಬ್ಬರು ಮಕ್ಕಳನ್ನೂ ಕೂರಿಸಿಕೊಂಡು ಮಡಿಸಿದ ಒಂದು ಕಾಗದವನ್ನು ಮುಂದಿಟ್ಟರು.

"ಏನಮ್ಮಾ ಇದು?"

"ವೃದ್ಧಾಶ್ರಮದ ಫಾರಂ. ತಿಂಗಳ ಕೊನೆಯೊಳಗೆ ಎಲ್ಲರೂ ಒಂದೇ ಸೂರಿನ ಕೆಳಗೆ ಇರೋ ಹಾಗಾದ್ರೆ ಸರಿ. ಇಲ್ಲಾಂದ್ರೆ ನಾನು ಅಲ್ಲಿಗೆ ಹೋಗ್ತೀನಿ. ಅಲ್ಲಿ ಒಂದು ಸಲ ಚೀಲ ಬಿಚ್ಚಿದ್ರೆ ಮುಗೀತಂತೆ."

ಕೋಪದ ಮಾತಾಗಿದ್ದರೆ ಮಾಸ್ಟ್ರು ಸಮಾಧಾನ ಮಾಡುತ್ತಿದ್ದರು. ತಾಯಿ ಅದನ್ನು ತಣ್ಣಗೆ, ಬಸ್ಸಿನ ಸಮಯ ಹೇಳುವ ಹಾಗೆ ಹೇಳಿದ್ದರು. ಮಾಸ್ಟ್ರಿಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಪಟ್ಟಣದಲ್ಲಿ ಮನೆ ಹುಡುಕಾಟ ಒಂದು ವಾರ ನಡೆಯಿತು. ಮನೆ ಮಾಲೀಕರು ಮೊದಲು ಕೇಳುತ್ತಿದ್ದುದೇ "ಎಷ್ಟು ಜನ?" ಎಂದು. ಮಾಸ್ಟ್ರು ಬೆರಳು ಮಡಿಸುತ್ತಿದ್ದರು. ತಾಯಿ, ತಾನು, ಹೆಂಡತಿ, ತಮ್ಮ, ತಮ್ಮನ ಹೆಂಡತಿ. ಎರಡನೆಯ ಕೈ ಮೇಲೆ ಬರುತ್ತಲೇ ಬಾಗಿಲು ಮುಚ್ಚುತ್ತಿತ್ತು. ಮಾಸ್ಟ್ರ ಜೊತೆಗೇ ಇದ್ದ ಮಗಳು, ಬ್ರೆಡ್ ವ್ಯಾನ್ ಓಡಿಸುವ ಅಳಿಯ ಮತ್ತು ಅವರ ಹತ್ತು ತಿಂಗಳ ಕೂಸಿನ ತನಕ ಲೆಕ್ಕ ಮುಟ್ಟಿದ್ದೇ ಇಲ್ಲ. ಕೊನೆಗೆ ಸೈಕಲ್ ಶಾಪಿನವನು ಹೇಳಿದ: "ಮಾಸ್ಟ್ರೇ, ಎಂಟು ಜನ ಇರೋ ಮನೆ ಪಟ್ಟಣದಲ್ಲಿ ಕಟ್ಟೋದು ನಿಲ್ಸಿದ್ದಾರೆ. ಹಳ್ಳಿ ಕಡೆ ನೋಡಿ. ಬಸ್ಸಲ್ಲಿ ಅರ್ಧ ಗಂಟೆ, ಹಿಟ್ಟಿನ ಗಿರಣಿ ಇರೋ ಊರು. ಗಿರಣಿಯಮ್ಮನ ಹಳೇ ಮನೆ ಖಾಲಿ ಬಿದ್ದಿದೆ. ಓಣಿಯ ಕೊನೇದು. ಬೀಗದಕೈ ಬಾಗಿಲ ಮೇಲಿನ ಸಂದಿಯಲ್ಲೇ ಇರುತ್ತೆ. ನೀವು ಬರ್ತೀರಿ ಅಂತ ಗಿರಣಿಗೆ ಫೋನ್ ಮಾಡಿ ಹೇಳ್ತೀನಿ."

ಮನೆಯವರೆಲ್ಲ ತಮ್ಮ ತಮ್ಮ ಷರತ್ತು ಹೇಳಿದರು. ಮಾಸ್ಟ್ರು ಅವನ್ನು ಅಳತೆ ಪುಸ್ತಕದಲ್ಲಿ, ಎದೆ, ಸೊಂಟ, ತೋಳು ಎಂಬ ಕಾಲಂಗಳ ಕೆಳಗೇ ಬರೆದುಕೊಂಡರು. ತಾಯಿ: ಮಂಚ ಹಿಡಿಸಬೇಕು, ಮಂಚದಿಂದ ಬಚ್ಚಲಿಗೆ ಹನ್ನೊಂದು ಹೆಜ್ಜೆ, ಮೀರಬಾರದು. ತಮ್ಮನ ಹೆಂಡತಿ: ಅಡುಗೆಮನೆಗೆ ಎರಡು ಬಾಗಿಲು, ಒಬ್ಬರು ಬಂದರೆ ಇನ್ನೊಬ್ಬರು ಹೋಗಲು. ಅಳಿಯ: ಬ್ರೆಡ್ ವ್ಯಾನ್ ನಿಲ್ಲಿಸಲು ನೆರಳು. ತಮ್ಮ: ಏನಾದರೂ ಸರಿ, ಬೇಗ.

ಹೊರಡುವ ದಿನ ಹೆಂಡತಿ ಮಾಸ್ಟ್ರನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡಳು.

"ರೀ, ಎರಡು ವಿಷಯ ಬಾಯಿ ಬಿಡ್ಬೇಡಿ. ಒಂದು, ಎಂಟು ಜನ ಅಂತ. ಎರಡು, ಟೈಲರ್ ಅಂತ. ಮೆಷಿನ್ ಟಕಟಕ ಅನ್ನುತ್ತೆ ಅಂತ ಹೆದರಿ ಯಾರೂ ಮನೆ ಕೊಡಲ್ಲ."

"ಮತ್ತೆ ಏನು ಹೇಳ್ಲಿ?"

"ದೊಡ್ಡವರು ಕಳಿಸಿದ್ದಾರೆ, ಮಧ್ಯಾಹ್ನ ಅವರೇ ಬಂದು ನೋಡಿ ತೀರ್ಮಾನ ಮಾಡ್ತಾರೆ ಅನ್ನಿ. ಮನೇಲಿ ದೊಡ್ಡವರಿದ್ದಾರೆ ಅಂದ್ರೆ ಜನಕ್ಕೆ ಗೌರವ. ಮೂರು ಗಂಟೆಗೆ ವ್ಯಾನಲ್ಲಿ ನಾವೆಲ್ಲ ಬರ್ತೀವಿ."

ಗೌರವ ಇನ್ನೂ ಸ್ವಲ್ಪ ಹೆಚ್ಚಲಿ ಎಂದು ಮಾಸ್ಟ್ರು ಕರಿಯ ಕೋಟು ತೊಟ್ಟುಕೊಂಡರು. ಹನ್ನೊಂದು ವರ್ಷದ ಹಿಂದೆ ಯಾರೋ ಆಫೀಸರು ಹೊಲಿಯಲು ಕೊಟ್ಟು, ವರ್ಗವಾಗಿ ಹೋಗಿ, ಮತ್ತೆ ಬಾರದೆ ಉಳಿದ ಕೋಟು ಅದು. ಮಾಸ್ಟ್ರನ್ನು ಅದು ನಿಜಕ್ಕೂ ಆಫೀಸರನ್ನಾಗಿಯೇ ಮಾಡಿಬಿಟ್ಟಿತು. ಕೊರಳಲ್ಲಿ ಟೇಪು ನೇತಾಡುತ್ತಿರುವುದನ್ನು ಹೆಂಡತಿಯೂ ಗಮನಿಸಲಿಲ್ಲ, ಅವರೂ ಗಮನಿಸಲಿಲ್ಲ. ಇಪ್ಪತ್ತಾರು ವರ್ಷ ಕೊರಳಲ್ಲಿದ್ದ ವಸ್ತು ಕಣ್ಣಿಗೆ ಬೀಳುವುದಿಲ್ಲ.

ಹಳ್ಳಿಯಲ್ಲಿ ಬಸ್ಸಿಳಿದ ಕೂಡಲೇ ಮಾಸ್ಟ್ರ ಕಣ್ಣು ಓಣಿಯ ಅಗಲದ ಮೇಲೆ ಬಿತ್ತು. ಗಿರಣಿಯಮ್ಮನ ಮನೆಗೆ ಹೋಗುವ ಓಣಿ ತೀರ ಕಿರಿದು. ಎರಡೂ ಬದಿಯ ಮನೆಗಳು ಮೆಟ್ಟಿಲು, ಜಗಲಿ, ಕಂಬ ಎಂದು ಮುಂದೆ ಮುಂದೆ ಬಂದು ಬೀದಿಯನ್ನು ಹಿಸುಕಿ ಹಾಕಿದ್ದವು. ಮನೆ ಎಷ್ಟು ಚೆನ್ನಾಗಿದ್ದರೇನು, ಮಂಚ ಒಳಗೆ ಹೋಗದಿದ್ದರೆ ತಾಯಿ ಬರುವುದಿಲ್ಲ. ಓಣಿಯ ಬಾಯಲ್ಲೇ ಒಂದು ಕ್ಷೌರದ ಅಂಗಡಿ. ಅದು ವರ್ಷಕ್ಕೊಂದು ಇಟ್ಟಿಗೆಯಂತೆ ಬೀದಿಗೆ ಬೆಳೆದು, ಕೊನೆಗೆ ಮೂಲೆಯಲ್ಲಿ ಒಂದು ಕಂಬವನ್ನೂ ನಿಲ್ಲಿಸಿಕೊಂಡಿತ್ತು. ಮಾಸ್ಟ್ರು ಆ ಕಂಬದ ಮುಂದೆ ನಿಂತು ತಲೆ ಅಲ್ಲಾಡಿಸುತ್ತಿದ್ದುದನ್ನು ಒಳಗಿನಿಂದ ಕ್ಷೌರಿಕ ನೋಡಿದ.

"ಯಾರು ಬೇಕಾಗಿತ್ತು ಸಾರ್?"

ಮಾಸ್ಟ್ರಿಗೆ ಹೆಂಡತಿಯ ಎರಡು ನಿಷೇಧಗಳು ನೆನಪಾದವು.

"ಯಾರೂ ಬೇಡ. ಅಳತೆಗೆ ಬಂದಿದ್ದೀನಿ."

"ಏನಳತೆ?"

"ಓಣಿ ಎಲ್ಲೆಲ್ಲಿ ಇಕ್ಕಟ್ಟಾಗಿದೆ ಅಂತ."

ಕ್ಷೌರಿಕನ ಕತ್ತಿ ಗಿರಾಕಿಯ ಕೆನ್ನೆಯ ಮೇಲೆ ಅರ್ಧ ದಾರಿಯಲ್ಲಿ ನಿಂತಿತು.

"ಯಾರು ಕಳಿಸಿದ್ದು ಸಾರ್?"

"ದೊಡ್ಡವರು."

"ದೊಡ್ಡವರು ಅಂದ್ರೆ..."

"ತುಂಬಾ ದೊಡ್ಡವರು. ಅವರ ಮಾತಿಗೆ ನಮ್ಮಲ್ಲಿ ಎದುರಿಲ್ಲ. ಮೂರು ಗಂಟೆಗೆ ಅವರೇ ಬರ್ತಾರೆ, ನೋಡ್ತಾರೆ, ತೀರ್ಮಾನ ಮಾಡ್ತಾರೆ. ತಿಂಗಳ ಕೊನೆಯೊಳಗೆ ಮುಗೀಬೇಕು ಅಂತ ಹಟ."

ಅಡ್ಡಗೋಡೆಯ ಮೇಲೆ ದೀಪ ಇಡಲು ಮಾಸ್ಟ್ರಿಗೆ ಯಾವ ತರಬೇತಿಯೂ ಬೇಕಾಗಿರಲಿಲ್ಲ. ಸತ್ಯವನ್ನು ಬಿಟ್ಟು ಅವರು ಒಂದು ಮಾತನ್ನೂ ಆಡಿರಲಿಲ್ಲ. ಆದರೂ ಕುರ್ಚಿಯಲ್ಲಿದ್ದ ಗಿರಾಕಿ ಒಂದು ಕೆನ್ನೆಯಲ್ಲಿ ನೊರೆ ಹೊತ್ತುಕೊಂಡೇ ಎದ್ದು, ಕೊರಳಿನ ಬಟ್ಟೆ ಕಿತ್ತೆಸೆದು ಓಡಿದ. ಅವನು ಊರಿನ ಕಚೇರಿಯ ಗುಮಾಸ್ತ. ರಸ್ತೆ ಅಗಲ ಮಾಡುವ ಆಫೀಸರು ಬರುತ್ತಾರೆಂದರೆ ಮೊದಲು ತನಗೊಂದು ಕಾಗದ ಬಂದಿರಬೇಕು. ಬಂದಿದ್ದರೆ ಅದನ್ನು ತಾನು ಕಳೆದಿರಬೇಕು. ಅವನ ಹತ್ತು ವರ್ಷದ ಸೇವೆಯಲ್ಲಿ ಹಾಗೆ ಆಗದ ಕಾಗದಗಳು ಕಡಿಮೆ.

ಮಾಸ್ಟ್ರು ಕೆಲಸಕ್ಕೆ ಕೈಹಾಕಿದರು. ಟೇಪು ಹಿಡಿದರೆ ಅವರಿಗೆ ಧೈರ್ಯ. ಜಗಲಿಯಿಂದ ಜಗಲಿಗೆ ಅಳೆದರು. ಮಂಚ ಹಾಯುವ ಕಡೆ ಜೇಬಿನ ನೀಲಿ ಸೀಮೆಸುಣ್ಣದಿಂದ ಸಣ್ಣ ಗೆರೆ, ತೊಡರುವ ಕಡೆ ಒಂದು ಅಡ್ಡಗುರುತು. ಕ್ಷೌರಿಕನ ಕಂಬದ ಹತ್ತಿರ ಬಂದು ಅಳೆದರೆ ನಾಲ್ಕಡಿಗೆ ಎರಡೂವರೆ ಇಂಚು ಕಡಿಮೆ. ಯಾವುದಕ್ಕೂ ಇರಲಿ ಎಂದು ಅರ್ಧ ಇಂಚು ಸೇರಿಸಿ, ಕೈಯ ಅಭ್ಯಾಸದಂತೆ ಕಂಬದ ಮೇಲೆ ಗೆರೆ ಎಳೆದು ಬರೆದರು: "3 ಇಂಚು ಕಟ್." ಬರೆದು, ಅಯ್ಯೋ ಇದು ಬಟ್ಟೆಯಲ್ಲವಲ್ಲ ಎಂದು ನೊಂದು, ನಿಟ್ಟುಸಿರು ಬಿಟ್ಟು ಮುಂದೆ ಹೋದರು.

ಅಷ್ಟರಲ್ಲಿ ಗುಮಾಸ್ತ ವಾಪಸು ಬಂದ. ಒಂದು ಕೆನ್ನೆ ನುಣ್ಣಗೆ, ಇನ್ನೊಂದರ ನೊರೆ ಒಣಗಿತ್ತು.

"ನಮಸ್ಕಾರ ಸಾರ್. ತಮ್ಮ ಕಾಗದ ಬಂದಿದೆ ಸಾರ್. ಯಾವಾಗ್ಲೋ ಬಂದಿದೆ. ಭದ್ರವಾಗಿದೆ."

ಸೈಕಲ್ ಶಾಪಿನವನು ಫೋನ್ ಸಾಲದೆಂದು ಪರಿಚಯದ ಕಾಗದವನ್ನೂ ಬರೆದಿದ್ದಾನೆಂದು ಮಾಸ್ಟ್ರು ತಿಳಿದರು. ಕೂಡಲೇ ಹೊಸ ಭಯ ಹುಟ್ಟಿತು.

"ಅದ್ರಲ್ಲಿ ಎಲ್ಲಾ ಬರೆದಿದೆಯಾ?"

"ಎಲ್ಲಾ ಬರೆದಿದೆ ಸಾರ್."

"ಎಂಟರ ವಿಷಯ?"

"ಎಂಟರ ವಿಷಯವೂ ಇದೆ ಸಾರ್," ಎಂದ ಗುಮಾಸ್ತ.

ಮಾಸ್ಟ್ರು ಆಚೆ ಈಚೆ ನೋಡಿ ಅವನ ಕಿವಿಯ ಹತ್ತಿರ ಬಗ್ಗಿದರು. "ದಯವಿಟ್ಟು ಅದು ನಮ್ಮಿಬ್ಬರಲ್ಲೇ ಇರಲಿ. ಎಂಟು ಅಂತ ಗೊತ್ತಾದ್ರೆ ಜನ ಗಾಬರಿ ಆಗ್ತಾರೆ."

ಗುಮಾಸ್ತ ಆ ಗುಟ್ಟನ್ನು ಪ್ರಾಣದಂತೆ ಕಾಪಾಡಿದ. ಕ್ಷೌರಿಕನೊಬ್ಬನಿಗೆ ಬಿಟ್ಟು ಯಾರಿಗೂ ಹೇಳಲಿಲ್ಲ. ಕ್ಷೌರಿಕನೂ ಹಾಗೆಯೇ, ಅಂಗಡಿಗೆ ಬಂದವರಿಗೆ ಬಿಟ್ಟು ಯಾರಿಗೂ ಹೇಳಲಿಲ್ಲ. ಹತ್ತು ನಿಮಿಷದಲ್ಲಿ ಓಣಿಗೆಲ್ಲ ಗೊತ್ತಾಯಿತು: ಎಂಟು ಮನೆ ಬೀಳುತ್ತವೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಎಲ್ಲ ಊರಲ್ಲೂ ಇರುತ್ತಾರೆ. ಈ ಊರಲ್ಲಿ ಆಗಲೇ ಕಟ್ಟಿಯೂ ಆಗಿತ್ತು. ಜನ ಅಡ್ಡಗುರುತು ಎಣಿಸಿದರು. ಐದು ಸಿಕ್ಕವು. ಉಳಿದ ಮೂರು ಯಾರದು ಎಂಬ ಪ್ರಶ್ನೆಗೆ ಗುರುತು ಬೀಳದವರೂ ನಡುಗತೊಡಗಿದರು.

ಮಾಸ್ಟ್ರು ಎಲ್ಲಿ ನಿಂತರೂ ಕುರ್ಚಿ ಬರತೊಡಗಿತು. ಒಬ್ಬರು ಟೀ ತಂದರು, ಇನ್ನೊಬ್ಬರು ಬಿಸಿಲೆಂದು ಕೊಡೆ ಹಿಡಿದರು. ಮೂಲೆ ಮನೆಯವನು ತನ್ನ ಜಗಲಿ ಬೀದಿಗೆ ಬಂದಿಲ್ಲ, ಬೀದಿಯೇ ಜಗಲಿಯ ಕಡೆ ಬಂದಿದೆ ಎಂದು ವಿವರಿಸಿದ. ಮಾಸ್ಟ್ರ ಕಣ್ಣು ತುಂಬಿ ಬಂತು. ಪಟ್ಟಣದಲ್ಲಿ ಬಾಗಿಲು ಮುಖಕ್ಕೆ ಬಡಿಯುತ್ತಿದ್ದವು. ಇಲ್ಲಿ ಮನೆ ನೋಡಲು ಬಂದವನಿಗೆ ಇಷ್ಟು ಆದರ. ಎಂಥ ಒಳ್ಳೆಯ ಊರು ಎಂದುಕೊಂಡು ಅವರು ಮನೆಯ ಬೀಗ ತೆಗೆದು ಒಳಗೆ ಹೋದರು.

ಮನೆ ಹೇಳಿ ಹೊಲಿಸಿದ ಹಾಗಿತ್ತು. ದೊಡ್ಡ ನಡುಮನೆ, ಸುತ್ತ ನಾಲ್ಕು ಕೋಣೆ, ಎಲ್ಲಕ್ಕೂ ಮಂಚ ಹಾಯುವಷ್ಟು ಅಗಲದ ಜೋಡಿಬಾಗಿಲು. ಅಡುಗೆಮನೆಗೆ ಎರಡಲ್ಲ, ಮೂರು ಬಾಗಿಲು. ಹಿತ್ತಲ ಕಡೆಯ ಕೋಣೆಯಲ್ಲಿ ನೆಲದ ಮೇಲೆ ಮಾಸ್ಟ್ರು ಸೀಮೆಸುಣ್ಣದಿಂದ ಮಂಚದ ಆಕಾರ ಬರೆದರು. ಅಲ್ಲಿಂದ ಬಚ್ಚಲಿಗೆ ತಾಯಿಯ ಹೆಜ್ಜೆಯಲ್ಲೇ, ಸೊಂಟ ಬಗ್ಗಿಸಿ ಸಣ್ಣ ಸಣ್ಣ ಹೆಜ್ಜೆ ಇಟ್ಟು ಎಣಿಸಿದರು. ಹನ್ನೊಂದು. ಮತ್ತೆ ಎಣಿಸಿದರು. ಹನ್ನೊಂದೇ. ಸಂತೋಷಕ್ಕೆ ಮೈ ಬೆವೆತು, ಕೋಟು ಬಿಚ್ಚಿ ಮೊಳೆಗೆ ನೇತುಹಾಕಿ, ಟೇಪನ್ನೂ ಅದರ ಮೇಲೆ ಹಾಕಿ, ಹಿಂದಿನ ಬಾಗಿಲಿನಿಂದ ಗಿರಣಿಗೆ ಓಡಿದರು.

ಗಿರಣಿಯಮ್ಮ ತಲೆಯಿಂದ ಕಾಲಿನ ತನಕ ಹಿಟ್ಟಾಗಿದ್ದಳು. ಗಿರಣಿ ನಿಲ್ಲಿಸಿ, ಮಾಸ್ಟ್ರ ಮಾತು ಪೂರ್ತಿ ಕೇಳಿ, ಸೆರಗಿನಿಂದ ಮುಖ ಒರೆಸಿಕೊಂಡಳು.

"ಸೈಕಲ್ ಶಾಪಿನವರು ಹೇಳಿದ ಮನೆಯವರು ನೀವೇನಾ? ಬಂದದ್ದು ತಡ ಆಯ್ತಲ್ಲಣ್ಣ. ಮನೆ ಕೊಡೋ ಹಾಗಿಲ್ಲ."

"ಯಾಕಮ್ಮಾ? ಬೇರೆಯವರಿಗೆ ಕೊಟ್ರಾ?"

"ಯಾರಿಗೆ ಕೊಡ್ಲಿ? ರಸ್ತೆ ಆಫೀಸರ್ ಬಂದು ಕೂತಿದ್ದಾನೆ. ಎಂಟು ಮನೆ ಒಡೀತಾರಂತೆ. ನಾಳೆ ಬೀಳೋ ಮನೆಗೆ ವಯಸ್ಸಾದ ತಾಯೀನ ಕರ್ಕೊಂಡು ಬನ್ನಿ ಅಂತ ನಾನು ಹೇಳ್ಲಾ? ನನ್ನ ಮನಸ್ಸು ಒಪ್ಪಲ್ಲ."

"ಆಫೀಸರಾ?" ಮಾಸ್ಟ್ರು ಗೋಡೆ ಹಿಡಿದುಕೊಂಡರು. "ಬೆಳಗಿನಿಂದ ನಾನು ಓಣೀಲೇ ಇದ್ದೀನಿ, ನನ್ನ ಕಣ್ಣಿಗೇ ಬೀಳಲಿಲ್ಲ. ಎಂಥ ಕಿಲಾಡಿ ಇರ್ಬೇಕು. ಅವನು ಎಲ್ಲಿದ್ದಾನೆ ಹೇಳಿ, ಕಾಲಿಗೆ ಬೀಳ್ತೀನಿ."

"ಗೋಡೆ ಗೋಡೆಗೂ ಗುರುತು ಹಾಕ್ತಾ ಹೋಗಿದ್ದಾನಂತೆ. ನೀಲಿ ಸೀಮೆಸುಣ್ಣ."

"ನೀಲಿನಾ? ನೀಲಿ ಒಳ್ಳೇದು, ಬೇಗ ಅಳಿಸಲ್ಲ," ಎಂದರು ಮಾಸ್ಟ್ರು. ವೃತ್ತಿಯವರಿಗೆ ಅಭಿಪ್ರಾಯ ತಾನಾಗಿ ಬರುತ್ತದೆ.

"ಕರೀ ಕೋಟಂತೆ. ಕೊರಳಲ್ಲಿ ಟೇಪಂತೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವರನ್ನು ಜನ ನೋಡಿದ್ದಾರೆ. ಮಾಸ್ಟ್ರು ಮುಟ್ಟಿಕೊಂಡದ್ದು ಕೊರಳನ್ನು. ಟೇಪು ಅಲ್ಲಿರಲಿಲ್ಲ, ಆದರೆ ಅದು ಯಾವ ಮೊಳೆಯ ಮೇಲಿದೆ ಎಂದು ಅವರಿಗೆ ಗೊತ್ತಿತ್ತು. ಗಡಿಯಾರ ನೋಡಿದರು. ಎರಡೂ ಕಾಲು.

ಆಗಲೇ ನಿಜ ಹೇಳಿಬಿಡಬಹುದಿತ್ತಲ್ಲ ಎಂದು ಓದುಗರು ಕೇಳಬಹುದು. ಅದು ಧೈರ್ಯವಂತರು ಕೇಳುವ ಪ್ರಶ್ನೆ. ಇಡೀ ಓಣಿಯನ್ನು ಹೆದರಿಸಿದವನಿಗೆ ಆ ಓಣಿಯಲ್ಲೇ ಮನೆ ಕೊಡುತ್ತಾರೆಯೇ? ತಾಯಿಯ ಫಾರಂ ಅವರ ಕಣ್ಣ ಮುಂದೆ ಬಂತು. ಗುರುತು ಒರೆಸಿಬಿಟ್ಟರೆ ಎಲ್ಲ ತಾನಾಗಿ ತಣ್ಣಗಾಗುತ್ತದೆ ಎಂದು ಮಾಸ್ಟ್ರು ಲೆಕ್ಕ ಹಾಕಿದರು. ಅವರ ಜೀವನದಲ್ಲಿ ಅರ್ಧ ಇಂಚೂ ಬಿಡದೆ ಹಾಕಿದ ಲೆಕ್ಕ ಇದೊಂದೇ, ಅದೂ ತಪ್ಪಿತು.

ಮೊದಲ ಅಡ್ಡಗುರುತನ್ನು ಕರವಸ್ತ್ರ ಒದ್ದೆ ಮಾಡಿ ಉಜ್ಜುತ್ತಿದ್ದಂತೆ ಎದುರು ಮನೆಯಾಕೆ ಕಿಟಕಿಯಿಂದ ಕೇಳಿದಳು: "ಅವರದ್ದು ಒರೆಸ್ತಿದ್ದೀರಲ್ಲ ಸಾರ್, ಅವರು ಏನು ಕೊಟ್ರು?"

"ಏನೂ ಕೊಟ್ಟಿಲ್ಲಮ್ಮಾ, ಟೀ ಅಷ್ಟೇ."

"ಟೀ ನಾನೂ ಕೊಟ್ಟಿದ್ದೀನಿ. ಬಿಸ್ಕತ್ತೂ ಕೊಟ್ಟಿದ್ದೀನಿ."

ಮುಂದಿನ ಐದು ನಿಮಿಷದಲ್ಲಿ ಓಣಿ ಎರಡು ಪಕ್ಷವಾಯಿತು, ಒರೆಸಿದವರದು ಮತ್ತು ಒರೆಸದವರದು. ಮೂವತ್ತು ವರ್ಷ ಅಕ್ಕಪಕ್ಕ ಇದ್ದವರು ಒಬ್ಬರ ಜಗಲಿಯನ್ನು ಇನ್ನೊಬ್ಬರು ತೋರಿಸಿ "ಇವರದ್ದು ಅಳೀರಿ ಸಾರ್" ಎನ್ನತೊಡಗಿದರು. ಗುಮಾಸ್ತನಿಗೆ ಒಂದು ಉಪಾಯ ಹೊಳೆದು ಕ್ಷೌರಿಕನ ಕಿವಿಯಲ್ಲಿ ಹೇಳಿದ: "ದೊಡ್ಡವರು ಬರೋದ್ರೊಳಗೆ ಬರೆದಷ್ಟನ್ನ ನೀನೇ ತೆಗೆದುಬಿಡು. ಮೂರು ಇಂಚು ಹೋದ್ರೆ ಹೋಗ್ಲಿ, ಅಂಗಡಿ ಉಳಿಯುತ್ತೆ." ಕ್ಷೌರಿಕ ಸುತ್ತಿಗೆ ಉಳಿ ತಂದು, ಕಣ್ಣಲ್ಲಿ ನೀರು ಹಾಕಿಕೊಂಡು, ಸ್ವಂತ ಕಂಬವನ್ನು ಗೆರೆಗೆ ಸರಿಯಾಗಿ ಕೆತ್ತತೊಡಗಿದ.

"ಬೇಡಪ್ಪಾ, ನಿಲ್ಸಪ್ಪಾ," ಎಂದು ಮಾಸ್ಟ್ರು ಅವನ ಕೈ ಹಿಡಿದರು.

"ಇನ್ನೂ ಜಾಸ್ತಿ ತೆಗೀಬೇಕಾ ಸಾರ್?" ಎಂದು ಅವನು ಜೋರಾಗಿ ಹೊಡೆದ.

ಮೂರು ಗಂಟೆಗೆ ಸರಿಯಾಗಿ ಓಣಿಯ ಬಾಯಲ್ಲಿ ಬಿಳಿಯ ವ್ಯಾನ್ ಬಂದು ನಿಂತಿತು. ಎಲ್ಲ ಬಾಗಿಲೂ ಮುಚ್ಚಿದ್ದ, ಕಿಟಕಿಯಿಲ್ಲದ ವ್ಯಾನ್. ಇಷ್ಟು ಗುಟ್ಟಾಗಿ ಬರಬೇಕಾದರೆ ಎಷ್ಟು ದೊಡ್ಡವರಿರಬೇಕು ಎಂದು ಜನ ಉಸಿರು ಹಿಡಿದು ನಿಂತರು. ಗುಮಾಸ್ತ ಎಲ್ಲರ ಸಹಿ ಹಾಕಿಸಿದ ಮನವಿ ಹಿಡಿದು ಮುಂದೆ ಬಂದ. ಗಿರಣಿಯಮ್ಮನೂ ಬಂದು ಹಿಂದೆ ನಿಂತಳು. ಮಾಸ್ಟ್ರು ಕಂಬದ ಪುಡಿಯ ಮೇಲೆ ಕುಸಿದು ಕೂತರು.

ವ್ಯಾನಿನ ಹಿಂದಿನ ಬಾಗಿಲು ತೆರೆಯಿತು. ಮೊದಲು ಬ್ರೆಡ್ಡಿನ ವಾ‍ಸನೆ ಬಂತು. ಆಮೇಲೆ ಕೂಸಿನ ಅಳು. ಆಮೇಲೆ ಮಗಳು, ತಮ್ಮ, ತಮ್ಮನ ಹೆಂಡತಿ, ಮಾಸ್ಟ್ರ ಹೆಂಡತಿ, ಮುಂದಿನ ಸೀಟಿನಿಂದ ಅಳಿಯ. ಜನ ಬರುತ್ತಲೇ ಇದ್ದರು. ಎಲ್ಲರಾದ ಮೇಲೆ ಅಳಿಯನ ತೋಳು ಹಿಡಿದು, ಚೌಕಳಿ ಚೀಲ ಎದೆಗೆ ಒತ್ತಿಕೊಂಡು ತಾಯಿ ಇಳಿದರು.

"ದೊಡ್ಡವರು ಎಲ್ಲಿ ಸಾರ್?" ಎಂದು ಗುಮಾಸ್ತ ಪಿಸುಗುಟ್ಟಿದ.

ಮಾಸ್ಟ್ರು ತಾಯಿಯ ಕಡೆ ಕೈ ತೋರಿಸಿದರು.

ಕ್ಷೌರಿಕ ತಡೆಯಲಾರದೆ ಗುಮಾಸ್ತನ ಕೈಯಿಂದ ಮನವಿ ಕಿತ್ತುಕೊಂಡು ತಾಯಿಯ ಮುಂದೆ ನಿಂತ. "ತಾಯೀ, ತಾವು ದೊಡ್ಡವರು. ತಮ್ಮ ಕೈಯಲ್ಲಿದೆ. ಮನೆ ಒಡೀಬೇಡಿ."

ತಾಯಿ ಅವನನ್ನು ನೋಡಿದರು. ನಿಧಾನವಾಗಿ ಇಬ್ಬರು ಸೊಸೆಯರ ಕಡೆ ತಿರುಗಿದರು.

"ನಿಮ್ಮಿಬ್ಬರಲ್ಲಿ ಯಾರೇ ಹೇಳಿದ್ದು ಇವನಿಗೆ, ನಾನು ಮನೆ ಒಡೆಯೋಳು ಅಂತ?"

"ನಾನಲ್ಲ ಅತ್ತೆ," ಎಂದರು ಇಬ್ಬರೂ ಒಟ್ಟಿಗೆ. ಒಂಬತ್ತು ವರ್ಷದಲ್ಲಿ ಅವರಿಬ್ಬರು ಒಂದೇ ಮಾತು ಆಡಿದ್ದು ಅದೇ ಮೊದಲು.

ತಾಯಿ ಕ್ಷೌರಿಕನ ಕಡೆ ತಿರುಗಿದರು. "ನೋಡಪ್ಪಾ, ಯಾರು ಏನು ಹೇಳಿದ್ರೋ ನಂಗೊತ್ತಿಲ್ಲ. ನಮ್ಮ ಮನೆ ಒಡೆದು ಒಂಬತ್ತು ವರ್ಷ ಆಯ್ತು. ಅದನ್ನ ಮತ್ತೆ ಕೂಡಿಸೋಕೆ ಒಂದು ಸೂರು ಸಿಗುತ್ತಾ ಅಂತ ನೋಡೋಕೆ ಬಂದಿದ್ದೀನಿ. ನಿನ್ನ ಮನೆ ಒಡೆದು ನನಗೇನಾಗ್ಬೇಕು?"

ಆಗ ಮಾಸ್ಟ್ರು ಎದ್ದು ನಿಂತರು. ಯಾರನ್ನೂ ನೋಡದೆ, ಪಾಠ ಒಪ್ಪಿಸುವ ಹಾಗೆ, ಒಂದೇ ಉಸಿರಿಗೆ ಹೇಳಿದರು: "ನಾನು ಆಫೀಸರ್ ಅಲ್ಲ. ಕೋಟು ನನ್ನದಲ್ಲ. ನಾನು ಟೈಲರು. ಅಳೆದದ್ದು ನಮ್ಮಮ್ಮನ ಮಂಚಕ್ಕೆ. ಎಂಟು ಅಂದ್ರೆ ಮನೆಯಲ್ಲ, ನಾವು. ನಾವು ಎಂಟು ಜನ. ಮನೆ ಸಿಗದೇ ಹೋದ್ರೆ ನಮ್ಮಮ್ಮ ಆಶ್ರಮಕ್ಕೆ ಹೋಗ್ತಾಳೆ. ತಪ್ಪಾಯ್ತು."

ಎರಡು ನಿಷೇಧಗಳೂ ಒಟ್ಟಿಗೆ ಮುರಿದುಬಿದ್ದದ್ದನ್ನು ನೋಡಲಾರದೆ ಅವರ ಹೆಂಡತಿ ಕಣ್ಣು ಮುಚ್ಚಿಕೊಂಡಳು.

ಕ್ಷೌರಿಕ ತನ್ನ ಕಂಬವನ್ನು ನೋಡಿದ. ಕೈಯಲ್ಲಿದ್ದ ಸುತ್ತಿಗೆಯನ್ನು ನೋಡಿದ. ಮಾಸ್ಟ್ರನ್ನು ನೋಡಿದ. ಅಷ್ಟರಲ್ಲಿ ಅವನಿಗೆ ಬೇರೊಂದು ಹೊಳೆದು ಗುಮಾಸ್ತನ ಕಡೆ ತಿರುಗಿದ.

"ಕಾಗದ ಬಂದಿದೆ ಅಂದ್ಯಲ್ಲಯ್ಯ? ಭದ್ರವಾಗಿದೆ ಅಂದ್ಯಲ್ಲ?"

ಇಡೀ ಓಣಿಯಲ್ಲಿ ಸಂತೋಷವಾಗಿದ್ದವನು ಗುಮಾಸ್ತನೊಬ್ಬನೇ. ಕಾಗದ ಬಂದೇ ಇರಲಿಲ್ಲ, ಹಾಗಾದರೆ ಕಳೆದೂ ಇಲ್ಲ. ಆ ಸಂತೋಷದಲ್ಲಿ ಅವನು ನಕ್ಕುಬಿಟ್ಟ, ಉಳಿದರ್ಧ ಕ್ಷೌರವನ್ನು ಪಕ್ಕದ ಊರಲ್ಲಿ ಮಾಡಿಸಿಕೊಳ್ಳಬೇಕಾಯಿತು.

ಜನರ ನಡುವಿನಿಂದ ಗಿರಣಿಯಮ್ಮ ಮುಂದೆ ಬಂದಳು. "ಎಂಟು ಜನ ಅಂದ್ರಾ?"

"ಹೌದಮ್ಮಾ. ಕೂಸನ್ನ ಲೆಕ್ಕ ಹಿಡೀಬೇಡಿ ಬೇಕಾದ್ರೆ," ಎಂದರು ಮಾಸ್ಟ್ರು.

"ಯಾಕೆ, ಕೂಸು ದೊಡ್ಡದಾಗಿ ಉಣ್ಣಲ್ವಾ? ನಂದು ಹಿಟ್ಟಿನ ಗಿರಣಿ ಕಣಣ್ಣ. ಎಂಟು ಬಾಯಿ ಇದೆ ಅಂತ ಮುಚ್ಚಿಡೋದಾ ನನ್ನ ಹತ್ರ? ಮತ್ತೆ ಟೈಲರ್ ಅಂದ್ರಿ. ಈ ಊರಲ್ಲಿ ಒಂದು ಗುಂಡಿ ಕಿತ್ತುಹೋದ್ರೆ ಬಸ್ಸು ಹತ್ತಬೇಕು."

"ಮೆಷಿನ್ ಶಬ್ದ ಮಾಡುತ್ತೆ," ಎಂದರು ಮಾಸ್ಟ್ರು. ಭಯವಾದಾಗ ಅವರಿಗೆ ಸತ್ಯ ನಿಲ್ಲಿಸಲು ಬರುತ್ತಿರಲಿಲ್ಲ.

"ಗಿರಣಿ ಪಕ್ಕದಲ್ಲಾ?" ಎಂದು ಅವಳು ನಕ್ಕಳು. ಮೈಯಿಂದ ಹಿಟ್ಟು ಉದುರಿತು. "ಅಜ್ಜೀ, ಒಳಗೆ ಬನ್ನಿ. ನೀವು ನೋಡಿ ಹೇಳಿ."

ತಾಯಿ ಒಳಗೆ ಹೋದರು. ಹಿಂದೆ ಮನೆಯವರು, ಅವರ ಹಿಂದೆ ಓಣಿ. ಹಿತ್ತಲ ಕಡೆಯ ಕೋಣೆಯ ನೆಲದಲ್ಲಿ ನೀಲಿ ಗೆರೆಯ ಮಂಚ ನೋಡಿ ಅವರು ನಿಂತರು. ಅದು ಏನೆಂದು ಯಾರೂ ಹೇಳಬೇಕಾಗಲಿಲ್ಲ. ಅಲ್ಲಿಂದ ಬಚ್ಚಲಿಗೆ ಜೋರಾಗಿ ಎಣಿಸುತ್ತ ನಡೆದರು. ಹತ್ತು ಎನ್ನುವಾಗ ಮಾಸ್ಟ್ರ ಜೀವ ಬಾಯಿಗೆ ಬಂದಿತ್ತು. ಹನ್ನೊಂದು ಎನ್ನುವಾಗ ಕಾಲು ಬಚ್ಚಲ ಒಳಗಿತ್ತು. ತಾಯಿ ಅಷ್ಟೇ ಹೆಜ್ಜೆ ವಾಪಸು ಬಂದು, ಗೆರೆಯ ಮಂಚದ ಒಳಗೆ, ನೆಲದ ಮೇಲೆ ಕೂತು, ಚೀಲವನ್ನು ಪಕ್ಕದಲ್ಲಿಟ್ಟರು.

"ಇಲ್ಲೇ," ಎಂದರು.

ಮಾಸ್ಟ್ರು ಗೋಡೆಯ ಕಡೆ ತಿರುಗಿ ಅತ್ತರು. ಮೊಳೆಯ ಮೇಲಿದ್ದ ಕೋಟಿನ ತೋಳು ಕೈಗೆ ಸಿಕ್ಕಿತು, ಅದರಲ್ಲೇ ಕಣ್ಣೊರೆಸಿಕೊಂಡರು.

ತಿಂಗಳು ಮುಗಿಯಲು ಎರಡು ದಿನ ಇರುವಾಗ ಮಂಚ ಬಂತು. ತಮ್ಮ, ಅಳಿಯ ಮತ್ತು ಓಣಿಯ ನಾಲ್ವರು ಹೊತ್ತರು. ಜಗಲಿ ಇದ್ದವರು ಕೈಕೊಟ್ಟು ಎತ್ತಿ ದಾಟಿಸಿದರು. ಕ್ಷೌರಿಕ ಕೈಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದ. ಕರಿಯ ಕೋಟು ಈಗ ಅವನ ಮೈಮೇಲಿತ್ತು, ಮೂರು ಇಂಚು ಕಂಬಕ್ಕೆ ಪರಿಹಾರವಾಗಿ. ಮಂಚ ಅವನ ಕಂಬದ ಪಕ್ಕ ಬಂದಾಗ ಎಲ್ಲರೂ ಉಸಿರು ಹಿಡಿದರು. ಅದು ಎಲ್ಲೂ ತಾಗದೆ ದಾಟಿತು. ಮಾಸ್ಟ್ರು ಸಂದು ಅಳೆದು ನೋಡಿದರು. ಅರ್ಧ ಇಂಚು ಉಳಿದಿತ್ತು.

ಸಂಜೆ ತಾಯಿ ಮಂಚದ ಮೇಲೆ ಕೂತು ಚೀಲ ಬಿಚ್ಚಿದರು. ಎಲ್ಲವನ್ನೂ ತೆಗೆದರು. ತಳದಲ್ಲಿ ಮಡಿಸಿಟ್ಟಿದ್ದ ಫಾರಂ ಸಿಕ್ಕಿತು, ಅದನ್ನು ಕೂಸಿನ ಕೈಗೆ ಕೊಟ್ಟರು. ಕೂಸು ಅದನ್ನು ಬಾಯಿಗೆ ಹಾಕಿಕೊಂಡಿತು. ಆಮೇಲೆ ಬರಿದಾದ ಚೀಲವನ್ನು ಕೊಡವಿ ಮಗನ ಕಡೆ ಚಾಚಿದರು.

"ಇದನ್ನ ಕತ್ತರಿಸಿ ಮಗೂಗೆ ಒಂದು ಟೋಪಿ ಹೊಲಿ. ಮತ್ತೆ ಚೀಲ ಆಗೋ ಹಾಗೆ ಏನೂ ಬಿಡಬೇಡ."

"ಆಯ್ತಮ್ಮ," ಎಂದರು ಮಾಸ್ಟ್ರು.

ಕೂಸಿನ ತಲೆಗೆ ಟೇಪು ಸುತ್ತಿ ಅಳೆದರು. ನೀಲಿ ಗೆರೆ ಎಳೆದರು. ಕತ್ತರಿ ಹಾಕುವ ಮೊದಲು ತಾಯಿ ನೋಡುತ್ತಿಲ್ಲವೆಂದು ಖಚಿತ ಮಾಡಿಕೊಂಡು, ಗೆರೆಯಿಂದಾಚೆ ಅರ್ಧ ಇಂಚು ಬಿಟ್ಟೇ ಕತ್ತರಿಸಿದರು. ಮಗು ಈ ಮನೆಯಲ್ಲೇ ಬೆಳೆಯಬೇಕಲ್ಲ.